ಗಾಯವಿಲ್ಲದ ಗುರುವಾರ

"ಎರಡೂ ಫೋಟೋ ಮತ್ತೊಮ್ಮೆ ಬಾಜೂಬಾಜೂ ಇಡವ್ವಾ," ಎಂದೆ.

ಪೂರ್ವಾ ಒಲ್ಲದ ಮನಸ್ಸಿನಿಂದ ಮೌಸ್ ಆಡಿಸಿದಳು. ಗೋಡೆಯ ಮೇಲಿನ ಪರದೆಯಲ್ಲಿ ಪುನೀತನ ತಲೆ ಎರಡು ಸಲ ಮೂಡಿತು. ತಲೆ ಎಂದರೆ ಇಡೀ ತಲೆಯಲ್ಲ. ನೆತ್ತಿಯ ಹಿಂಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಜಾಗದ ಕೂದಲನ್ನು ಗಿಡ್ಡಗೆ ಕತ್ತರಿಸಿ, ನಡುವೆ ಹಚ್ಚೆಯ ಒಂದು ಚುಕ್ಕೆ ಇಟ್ಟು, ಮಸೂರದ ಕ್ಯಾಮೆರಾದಲ್ಲಿ ಹಿಡಿದ ಚಿತ್ರ. ಅಷ್ಟು ದೊಡ್ಡದಾಗಿ ನೋಡಿದಾಗ ಅದು ಜೋಳ ಕೊಯ್ದು ಕೂಳೆ ಬಿಟ್ಟ ಹೊಲದಂತೆ ಕಾಣುತ್ತಿತ್ತು.

ಎಡಗಡೆಯದು ಸೋಮವಾರದ್ದು. ಬಲಗಡೆಯದು ಗುರುವಾರದ್ದು.

ಮೂರು ವಾರದ ಹಿಂದೆ, ಆ ಸೋಮವಾರ ಸಂಜೆ, ಪುಣೆಯ ಹಿಂಜವಾಡಿಯ ಫ್ಲ್ಯಾಟಿನಲ್ಲಿ ಹೆಂಡತಿಯೊಂದಿಗೆ ಜಗಳವಾಡಿ ಹೊರಬಿದ್ದ ಪುನೀತ ಮತ್ತೆ ಮನೆಗೆ ಬಂದಿಲ್ಲ. ಗುರುವಾರ ಹಡಪಸರದ ಈ ಕೇಶ ಪರೀಕ್ಷಾ ಕೇಂದ್ರಕ್ಕೆ ಬಂದು ತಲೆಯ ಫೋಟೋ ತೆಗೆಸಿಕೊಂಡ ಎಂಬುದೇ ಅವನ ಬಗ್ಗೆ ಸಿಕ್ಕ ಕೊನೆಯ ಸುದ್ದಿ.

ಪೊಲೀಸರಿಗೆ ಅಷ್ಟೇ ಸಾಕಾಗಿತ್ತು. ತನ್ನ ಕಾಲ ಮೇಲೆ ನಡೆದು ಬಂದವನಿಗೆ ಏನಾಗಿರುತ್ತದೆ, ಸಿಟ್ಟು ಇಳಿದ ಮೇಲೆ ತಾನೇ ಬರುತ್ತಾನೆ ಎಂದು ಅವರು ಕೈ ತೊಳೆದುಕೊಂಡಿದ್ದರು.

ಅವನ ಹೆಂಡತಿ ನಿಖಿತಾ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಿಗೂ ಆ ಫೋಟೋನೇ ಆಸರೆ. ಮೊಬೈಲಿನ ಪರದೆಯ ಮೇಲೆ ಅದನ್ನೇ ಹಾಕಿಕೊಂಡಿದ್ದಳು. ಗಂಡನ ಮುಖ ಇಟ್ಟುಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಗಂಡನ ನೆತ್ತಿಯನ್ನು ಇಟ್ಟುಕೊಂಡು ದಿನಕ್ಕೆ ಹತ್ತು ಸಲ ಸವರುವವಳನ್ನು ಇವಳೊಬ್ಬಳನ್ನೇ ನೋಡಿದ್ದು. ಗುರುವಾರ ಕೂದಲು ಬೆಳೆದಿದೆ ಎಂದರೆ ಗುರುವಾರ ಅವನು ಬದುಕಿದ್ದ, ಬದುಕಿದ್ದವನು ಇವತ್ತಲ್ಲ ನಾಳೆ ಬರುತ್ತಾನೆ, ಇಷ್ಟೇ ಅವಳ ಲೆಕ್ಕ.

ಆ ಲೆಕ್ಕವನ್ನು ಕೆಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

"ಈ ಹಸಿರು ಗೆರಿ ಏನು?" ಎಂದು ಪೂರ್ವಾಳನ್ನು ಕೇಳಿದೆ. ಫೋಟೋ ತೆಗೆಯುವುದು, ಅಳೆಯುವುದು ಎರಡೂ ಅವಳ ಕೆಲಸ. ನಿಪ್ಪಾಣಿ ಕಡೆಯ ಹುಡುಗಿ. ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಾಳೆ, ನನ್ನನ್ನು ಚಿಕ್ಕಮ್ಮನೆಂಬಂತೆ ಮಾವಶಿ ಎನ್ನುತ್ತಾಳೆ.

"ಬೆಳ್ಯೂ ಕೂದಲಾ ರೀ ಮಾವಶಿ. ಸೋಮವಾರ ಕತ್ತರಿಸಿದ್ದು ಮೂರು ದಿನದಾಗ ಎಷ್ಟು ಬೆಳದದ ಅಂತ ಕಂಪ್ಯೂಟರ್ ಅಳದ ನೋಡತದ. ಬೆಳದದ್ದಕ್ಕ ಹಸಿರು. ಬೆಳೀದನ ಸುಮ್ನ ನಿಂತದ್ದಕ್ಕ ಕೆಂಪು. ಕೆಂಪು ಅಂದ್ರ ಇನ್ನ ಉದರೂ ಕೂದಲಾ."

"ಬ್ಯಾರೇ ಯಾರದರೆ ಒಂದು ತೋರ್ಸು. ಹೆಸರು ಬ್ಯಾಡ."

ಅವಳು ಇನ್ನೊಂದು ನೆತ್ತಿಯನ್ನು ತೆರೆದಳು. ಹಸಿರಿನ ನಡುನಡುವೆ ಕೆಂಪು. ಮತ್ತೊಂದರಲ್ಲಿ ಅರ್ಧಕ್ಕರ್ಧ ಕೆಂಪು. ಪಾಪ, ಯಾರೋ ಏನೋ.

"ಪುನೀತಂದರಾಗ ಕೆಂಪು ಎಲ್ಲಿ ಅದ?"

ಪೂರ್ವಾ ಮತ್ತೆ ಅವನ ಚಿತ್ರ ತೆರೆದಳು. ಪುನೀತನ ಗುರುವಾರದ ಚಿತ್ರದಲ್ಲಿ ಒಂದೇ ಒಂದು ಕೆಂಪು ಗೆರೆ ಇರಲಿಲ್ಲ. ಅಷ್ಟೂ ಕೂದಲು ಒಟ್ಟಿಗೆ, ಒಂದೇ ಅಳತೆಗೆ ಬೆಳೆದು ನಿಂತಿದ್ದವು.

"ಔಷಧಿ ಕೆಲಸ ಮಾಡಿದೆ ಅಂತ ಅಲ್ವಾ ಮೇಡಂ?" ನಿಖಿತಾ ನನ್ನ ಮುಖ ನೋಡಿದಳು. "ಅವನು ಆ ಲೋಶನ್ ಹಚ್ಕೋತಿದ್ದ. ಪರೀಕ್ಷೆಗೆ ಅಂತ ಇವರೇ ಕೊಟ್ಟಿದ್ದು."

"ಮನ್ಯಾಗ ಕೂದಲಾ ಉದರೂದು ಕಡಿಮಿ ಆಗಿತ್ತೇನು?"

"ಇಲ್ಲ. ದಿಂಬಿನ ಮೇಲಿಂದ ದಿನಾ ನಾನೇ ಕೊಡವ್ತಿದ್ದೆ. ಬಾತ್‌ರೂಂ ಜಾಲರಿ ತುಂಬ ಅವನದೇ ಕೂದಲು. ಜಗಳ ಆಗಿದ್ದೂ ಅದಕ್ಕೇ. ನೀನು ಬೋಳಾದ್ರೂ ನನಗೇನೂ ಇಲ್ಲ ಕಣೋ, ಈ ಹುಚ್ಚು ಬಿಡು ಅಂದೆ. ನಿನಗೆ ನಾನು ಬೇಡವಾದೆ ಅಂತ ಎದ್ದು ಹೋದ."

ನಾನು ಎದ್ದು ಪರದೆಯ ಹತ್ತಿರ ಹೋದೆ.

ನನ್ನ ಕಸುಬು ಪತ್ತೇದಾರಿಕೆ ಎಂದು ಬೋರ್ಡಿನಲ್ಲಿದೆಯಾದರೂ, ವರ್ಷದ ಮುಕ್ಕಾಲು ಪಾಲು ನಾನು ಮಾಡುವುದು ಮದುವೆ ಗಂಡುಗಳ ವಿಚಾರಣೆ. ಹುಡುಗನ ಸಂಬಳ ನಿಜವೇ, ಹಲ್ಲು ನಿಜವೇ, ಕೂದಲು ನಿಜವೇ ಎಂದು ಹೆಣ್ಣಿನ ಕಡೆಯವರಿಗೆ ತಿಳಿಸಬೇಕು. ಬೆಳಗಾವಿಯಿಂದ ಪುಣೆಗೆ ಬಂದ ಮೇಲೆ ಎಷ್ಟೋ ವಿಗ್ಗುಗಳನ್ನು ಹಿಡಿದಿದ್ದೇನೆ. ಹಾಗಾಗಿ ತಲೆ ಕಂಡರೆ ಕಣ್ಣು ತಾನಾಗಿಯೇ ಬುಡಕ್ಕೆ ಹೋಗುತ್ತದೆ.

ಸೋಮವಾರದ ಚಿತ್ರದಲ್ಲಿ ಹಚ್ಚೆಯ ಚುಕ್ಕೆಯ ಕೆಳಗೆ ಒಂದು ಸಣ್ಣ ಕೊಯ್ತ. ಮಷೀನಿನ ಅಲಗು ತಾಗಿ ಚರ್ಮ ಕಿತ್ತು, ರಕ್ತ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಗುರುವಾರದ ಚಿತ್ರದಲ್ಲಿ ಅದೇ ಚುಕ್ಕೆ, ಅದೇ ಮಚ್ಚೆ, ಅವೇ ಕೂದಲಿನ ಬುಡಗಳು. ಚುಕ್ಕೆಯ ಕೆಳಗೆ ಚರ್ಮ ಮಾತ್ರ ಹಸುಗೂಸಿನದರಂತೆ ನುಣುಪಾಗಿತ್ತು.

"ಈ ಗಾಯ ಎಲ್ಲಿ ಹೋತು?" ಎಂದೆ.

"ಮಾಯ್ದಿರ್ತದ ರೀ," ಎಂದಳು ಪೂರ್ವಾ.

"ಮೂರು ದಿನದಾಗ? ಸೊಪ್ಪು ಹೆಚ್ಚೂವಾಗ ಬೆರಳ ಕೊಯ್ಕೊಂಡ್ರ ವಾರಗಟ್ಟಲೆ ಹೆಕ್ಕಳಿ ಇರ್ತದ. ಇದು ಹೆಕ್ಕಳಿನೂ ಇಲ್ಲ, ಕಲಿನೂ ಇಲ್ಲ. ನಿಮ್ಮ ಡಾಕ್ಟರನ್ನ ಕರಿ."

ಡಾಕ್ಟರ್ ಮಾರ್ತಾಂಡ ಬರುವಷ್ಟರಲ್ಲಿ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದೆ. ನಮ್ಮನ್ನು ಕರೆತಂದ ಕೆಂಪು ಕಾರು ರಸ್ತೆಯ ಬದಿಗೆ ನಿಂತಿತ್ತು. ಕಾರಿನಲ್ಲಿ ಮಿಥುನ. ಪುನೀತನ ಆಫೀಸಿನವನು, ಊರಿನ ಕಡೆಯವನು. ಮೂರು ವಾರದಿಂದ ರಜೆ ಹಾಕಿ ನಿಖಿತಾಳನ್ನು ಠಾಣೆಗೆ, ಆಸ್ಪತ್ರೆಗೆ, ನನ್ನ ಕಚೇರಿಗೆ ಸುತ್ತಿಸುತ್ತಿದ್ದವನು ಅವನೇ. ಆ ಸೋಮವಾರ ಆಫೀಸಿನಲ್ಲಿ ಕಂಡವನನ್ನು ಮತ್ತೆ ಕಂಡಿಲ್ಲ ಎಂದು ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು.

ಮೇಲೆ ಬಾ ಎಂದರೆ ಪಾರ್ಕಿಂಗ್ ಇಲ್ಲ ಮೇಡಂ, ಟೋಯಿಂಗ್‌ನವರು ಎತ್ಕೊಂಡು ಹೋಗ್ತಾರೆ ಎಂದಿದ್ದ. ಕಳೆದ ಸಲ ನಾವಿಲ್ಲಿಗೆ ಬಂದಾಗಲೂ ಹಾಗೇ ಅಂದಿದ್ದ.

ದಾರಿಯುದ್ದಕ್ಕೂ ಟ್ರಾಫಿಕ್ಕಿನಲ್ಲಿ ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಬಡಿಯುತ್ತಿದ್ದ. ಎಡಗೈಯ ಆ ಉಗುರಿನ ಮೇಲೆ ಹುಣಸೆ ಬೀಜದಂಥ ಕಪ್ಪು ಕಲೆ, ಮೂಲೆಯಲ್ಲಿ ಓರೆಯಾಗಿ ಒಂದು ಬಿರುಕು. ಏನಪ್ಪಾ ಇದು ಎಂದು ಕೇಳಿದ್ದೆ. ಕ್ಯಾಬ್ ಬಾಗಿಲಿಗೆ ಸಿಕ್ಕಿತು ಎಂದ. ಉಗುರು ಬೆಳೆದಂತೆ ಕಲೆ ತುದಿಗೆ ಹೋಗುತ್ತದೆ, ಆಮೇಲೆ ಕತ್ತರಿಸಿ ಬಿಸಾಕು ಎಂದು ಸಮಾಧಾನ ಹೇಳಿದ್ದೆ.

"ನಮಸ್ಕಾರ್ರೀ ಭಾಮಾಬಾಯಿ," ಎನ್ನುತ್ತ ಡಾಕ್ಟರು ಬಂದರು. ಧಾರವಾಡದವರು. ಅವರ ದಟ್ಟ ಕೂದಲೇ ಅವರ ಕೇಂದ್ರಕ್ಕೆ ಜಾಹೀರಾತು. ಚಟ ಬಿಡಬೇಕಲ್ಲ, ಕಿವಿಯ ಪಕ್ಕ ಒಮ್ಮೆ ನೋಡಿದೆ. ಅಸಲಿ.

"ನಮ್ಮ ಕಡೆಯವ್ರು ಬಂದೀರಿ, ಚಾ ತೊಗೊಂಡ್ರೇನ್ರಿ?"

"ಚಾ ಆಮ್ಯಾಲ ಕುಡಿಯೋಣ್ರಿ. ಗುರುವಾರ ಪುನೀತ ಬಂದಿದ್ದು ನೀವು ಕಣ್ಣಾರೆ ನೋಡೀರೇನು?"

"ಫೋಟೋನ ಅದಲ್ರಿ. ಪೊಲೀಸ್ರಿಗೆ ನಾನ ಸಹಿ ಮಾಡಿ ಕೊಟ್ಟೀನಿ."

"ಫೋಟೋ ಕೇಳ್ಲಿಲ್ಲ. ನೀವು ನೋಡೀರೇನು?"

"ದಿನಾ ಎಷ್ಟೊಂದು ಮಂದಿ ಬರ್ತಾರ್ರಿ..."

"ನೋಡಿಲ್ಲ. ಆತು. ಈಗ ಇದನ್ನ ನೋಡ್ರಿ." ಬೆರಳನ್ನು ಪರದೆಯ ಮೇಲಿನ ಕೊಯ್ತಕ್ಕೆ ಒತ್ತಿ ಹಿಡಿದೆ. "ಸೋಮವಾರ ಹಸಿ ಗಾಯ. ಗುರುವಾರ ಗಾಯದ ಗುರುತ ಇಲ್ಲ. ನಿಮ್ಮ ಲೋಶನ್ ಗಾಯಾನೂ ಮಾಯಸ್ತದೇನು? ಹಂಗಿದ್ರ ನನಗೂ ಒಂದು ಬಾಟಲಿ ಕೊಡ್ರಿ."

ಡಾಕ್ಟರರ ನಗು ಅಲ್ಲೇ ನಿಂತಿತು. ಅವರು ಪೂರ್ವಾಳ ಕಡೆ ನೋಡಿದರು. ಆ ನೋಟದಲ್ಲಿ ಗಾಬರಿಗಿಂತ ಹೆಚ್ಚಾಗಿ ಸಿಟ್ಟಿತ್ತು, ಕೆಲಸ ನೆಟ್ಟಗೆ ಮಾಡಲಿಲ್ಲವಲ್ಲ ಎಂಬ ಸಿಟ್ಟು.

"ಬೆಳಕಿನ ಆಟ ಇರ್ಬೇಕ್ರಿ. ಮಷೀನಿಗೆ ಒಮ್ಮೊಮ್ಮೆ..."

"ಮಷೀನ್ ಸುಳ್ಳ ಹೇಳಾಂಗಿಲ್ರಿ ಡಾಕ್ಟ್ರ. ಹೇಳ್ಸಿದ್ರ ಮಾತ್ರ ಹೇಳತದ. ಈ ಗುರುವಾರದ ಫೋಟೋ ಗಾಯ ಆಗೂಕಿಂತ ಮೊದಲಿಂದು. ಗಾಯ ಸೋಮವಾರ ಆಗೇದ. ಹಂಗಾದ್ರ ಈ ಫೋಟೋ ಯಾವಾಗಿಂದು, ನೀವ ಹೇಳ್ರಿ."



"ಅಡ್ವಾನ್ಸ್ ರೀ," ಎಂದು ಪೂರ್ವಾ ಅಳಲು ಶುರುಮಾಡಿದಳು.

"ಪೂರ್ವಾ!" ಡಾಕ್ಟರು ಗದರಿದರು.

"ನೀವು ಸುಮ್ನ ಕೂಡ್ರಿ. ಹೇಳವ್ವಾ, ಏನು ಅಡ್ವಾನ್ಸ್?"

ಅವಳು ಬಿಕ್ಕುತ್ತಲೇ ಹೇಳಿದಳು. ಹಿಂಜವಾಡಿಯ ಹುಡುಗರು ಸೋಮವಾರ ಹೇಗೋ ಬರುತ್ತಾರೆ. ಮತ್ತೆ ಗುರುವಾರ ಬಾ ಎಂದರೆ ಇಡೀ ಊರು ದಾಟಿ ಆ ಟ್ರಾಫಿಕ್ಕಿನಲ್ಲಿ ಯಾರು ಬರುತ್ತಾರೆ? ಒಬ್ಬರು ತಪ್ಪಿದರೂ ಆ ತಲೆಯ ಅಳತೆ ವ್ಯರ್ಥ. ಅದಕ್ಕೆ ಕೇಂದ್ರದವರು ಒಂದು ಉಪಾಯ ಕಂಡುಕೊಂಡಿದ್ದರು. ಸೋಮವಾರವೇ ಮೊದಲು ಕೂದಲನ್ನು ತುಸು ಉದ್ದ ಬಿಟ್ಟು ಕತ್ತರಿಸುವುದು, ಫೋಟೋ ತೆಗೆಯುವುದು. ಅದು ಗುರುವಾರದ್ದು. ಆಮೇಲೆ ಅದೇ ಜಾಗವನ್ನು ಬುಡಕ್ಕೆ ಕತ್ತರಿಸಿ ಇನ್ನೊಂದು ಫೋಟೋ. ಅದು ಸೋಮವಾರದ್ದು. ಹಿಂದುಮುಂದಾಗಿ ಇಟ್ಟು ನೋಡಿದರೆ ಕೂದಲು ಬೆಳೆದಂತೆ ಕಾಣುತ್ತದೆ. ಬುಡಕ್ಕೆ ಕತ್ತರಿಸುವಾಗಲೇ ಪುನೀತನ ಚರ್ಮ ಕಿತ್ತಿತ್ತು.

ಅಬ್ಬಾ, ಎಂಥ ಜಾಣತನ! ಆಫೀಸಿನಲ್ಲಿ ಇಲ್ಲದವನ ಹಾಜರಿ ಹಾಕುವುದನ್ನು ಕೇಳಿದ್ದೆ. ಇವರು ಬಾರದ ತಲೆಗೆ ಕೂದಲನ್ನೇ ಬೆಳೆಸಿದ್ದರು.

"ಒಂದು ಅಡ್ಜಸ್ಟ್‌ಮೆಂಟ್ ಅಷ್ಟ ರೀ," ಎಂದರು ಡಾಕ್ಟರು. ಹಣೆ ಒದ್ದೆಯಾಗಿತ್ತು. "ಯಾರಿಗೂ ತ್ರಾಸ ಕೊಡೂ ಉದ್ದೇಶ ಇರಲಿಲ್ರಿ. ಹುಡುಗ ಕಾಣಿ ಆಗ್ಯಾನಂತ ನಮಗ ಹೆಂಗ ಗೊತ್ತಾಗಬೇಕು?"

"ಪೊಲೀಸ್ರು ಬಂದು ಕೇಳಿದಾಗ ಗೊತ್ತಾತಲ್ಲ? ಆವಾಗರೆ ಖರೇ ಹೇಳಬೇಕಿತ್ತಲ್ಲ? ನಿಮ್ಮ ಲೋಶನ್ ಉಳಸಾಕ ಒಬ್ಬಾಕಿ ಗಂಡನ್ನ ಹುಡುಕೂದ ಬಿಡಿಸಿದ್ರಿ. ಮೂರು ವಾರ, ಡಾಕ್ಟ್ರ! ಮೂರು ವಾರ ಯಾರೂ ಅವನ್ನ ಹುಡುಕಿಲ್ಲ!"

ನಾನು ಕೂಗುತ್ತಿದ್ದೆ. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದವರು ಬಗ್ಗಿ ನೋಡಿದರು. ನೋಡಲಿ ಬಿಡು ಎನಿಸಿತು.

ನಿಖಿತಾ ಅಳಲಿಲ್ಲ. ಮೊಬೈಲ್ ತೆಗೆದು, ಪರದೆಯ ಮೇಲಿದ್ದ ಆ ನೆತ್ತಿಯನ್ನು ನೋಡುತ್ತ ಕೂತಳು.

"ಹಾಗಾದ್ರೆ ಗುರುವಾರ ಅವನು ಬರ್ಲೇ ಇಲ್ಲ," ಎಂದಳು. ಪ್ರಶ್ನೆಯಂತೆ ಕೇಳಲಿಲ್ಲ. "ಸೋಮವಾರಾನೇ... ನಾನು ಮನೇಲಿ ಸಿಟ್ಟು ಮಾಡ್ಕೊಂಡು ಕೂತಿದ್ನಲ್ಲ, ಆಗ್ಲೇ ಏನೋ ಆಗಿದೆ."

"ಹಂಗ ಅನಬ್ಯಾಡವ್ವಾ. ಇನ್ನೂ ಏನೂ ಗೊತ್ತಿಲ್ಲ."

"ನನಗೆ ಇಲ್ಲಿ ಉಸಿರಾಡಕ್ಕೆ ಆಗ್ತಿಲ್ಲ ಮೇಡಂ. ಕಾರಲ್ಲಿ ಕೂತಿರ್ತೀನಿ. ಮಿಥುನ್ ಇದಾನಲ್ಲ."

ಅವಳು ಎದ್ದು ಹೋದಳು. ಗೋಡೆ ಹಿಡಿದು ಹೋಗುವ ಅವಳನ್ನು ನೋಡುತ್ತ ನಿಂತೆ. ಸುಳ್ಳಾದರೂ ಅವಳಿಗೊಂದು ಗುರುವಾರ ಇತ್ತು. ಅದನ್ನೂ ಕಿತ್ತುಕೊಂಡಿದ್ದೆ. ಮಗಳ ವಯಸ್ಸಿನ ಹುಡುಗಿ.

ಎರಡೂ ಚಿತ್ರಗಳನ್ನು, ನಡೆದ ಸಂಗತಿಯನ್ನು ಅಂದೇ ಠಾಣೆಗೆ ತಲುಪಿಸುವುದಾಗಿ ಡಾಕ್ಟರರಿಂದ ಎಲ್ಲರೆದುರು ಮಾತು ತೆಗೆದುಕೊಂಡು ಹೊರಬಿದ್ದೆ. ಲಿಫ್ಟಿನ ಬಳಿ ಹಿಂದಿನಿಂದ ಓಡಿ ಬಂದ ಚಪ್ಪಲಿಯ ಸದ್ದು ಕೇಳಿತು. ಪೂರ್ವಾ.

"ಮಾವಶಿ, ನಿಂದ್ರಿ! ಅವ್ರು ಗುರುವಾರ ಬಂದಿದ್ರು ರೀ."

ನನಗೆ ರೇಗಿತು. "ಇನ್ನೂ ಎಷ್ಟ ಸುಳ್ಳ ಹೇಳ್ತಿ?"

"ದೇವರಾಣಿ ಖರೇ! ಅಡ್ವಾನ್ಸ್ ಮುಗದದ, ಬರೂದ ಬ್ಯಾಡ ಅಂತ ನಾನ ಹೇಳಿದ್ದೆ. ಆದ್ರೂ ಬಂದ್ರು. ಸುಳ್ಳ ಫೋಟೋ ನನಗ ಬ್ಯಾಡ, ಖರೇನ ಎಷ್ಟ ಉದರಾಕತ್ತದ ಅಂತ ತೋರ್ಸು ಅಂದ್ರು. ನೋಡಿ ಹೆಂಡ್ತಿಗೆ ಸಾರಿ ಕೇಳ್ತೀನಿ, ಈ ಹುಚ್ಚ ಬಿಡ್ತೀನಿ ಅಂದ್ರು. ನನಗ ಪಾಪ ಅನ್ನಸ್ತು."

"ಮತ್ತ ಪೊಲೀಸ್ರಿಗೆ ಯಾಕ ಹೇಳ್ಲಿಲ್ಲ?"

"ಮಷೀನಿನ್ಯಾಗ ತೆಗದ್ರ ಒಂದ ತಲಿಗೆ ಎರಡು ಗುರುವಾರ ಆಗ್ತಿತ್ತಲ್ರಿ, ಡಾಕ್ಟರ ಕೈಯಾಗ ಸಿಕ್ಕೊಂತಿದ್ದೆ. ಅದಕ್ಕ ಕೆಳಗ ಮೆಟ್ಟಲ ಮ್ಯಾಲ ನಿಂತು ನನ್ನ ಮೊಬೈಲಿಗೆ ಲೆನ್ಸ್ ಹಚ್ಚಿ ತೆಗದೆ. ಪೊಲೀಸ್ರು ಬಂದಾಗ ಹೆಂಗೂ ಗುರುವಾರದ ಫೋಟೋ ಅದ, ಅವ್ರು ಬಂದದ್ದೂ ಖರೇ ಅದ ಅಂತ ಸುಮ್ನಾದೆ."

ಅವಳು ಮೊಬೈಲ್ ನನ್ನ ಕೈಗಿಟ್ಟಳು.

ಅದೇ ಹಚ್ಚೆಯ ಚುಕ್ಕೆ. ಅದರ ಕೆಳಗೆ ಒಣಗಿ ಕಪ್ಪಾದ ಹೆಕ್ಕಳಿಕೆ. ಅರ್ಧ ಕೂದಲು ಬೆಳೆದಿದ್ದವು, ಇನ್ನರ್ಧ ಸೋಮವಾರ ಎಲ್ಲಿದ್ದವೋ ಅಲ್ಲೇ ನಿಂತಿದ್ದವು. ಯಾವ ಉಪಾಯವೂ ಇಲ್ಲದ, ಉದುರುತ್ತಿರುವ ಒಬ್ಬ ಮನುಷ್ಯನ ನಿಜವಾದ ತಲೆ. ಗುರುವಾರ ಪುನೀತ ಬದುಕಿದ್ದ. ಹೆಂಡತಿಗೆ ಸಾರಿ ಕೇಳಬೇಕೆಂದಿದ್ದ. ನನ್ನ ಕಣ್ಣು ಒದ್ದೆಯಾಯಿತು. ಈಗಲೇ ಕೆಳಗೆ ಓಡಿ ಹೋಗಿ ನಿಖಿತಾಳಿಗೆ ತೋರಿಸಬೇಕು ಎಂದುಕೊಂಡೆ.

ಅಷ್ಟರಲ್ಲಿ ಚಿತ್ರದ ಅಂಚಿನಲ್ಲಿ ಏನೋ ಕಾಣಿಸಿತು.

"ಇದು ಯಾರ ಬೆರಳು?"

"ಜೋಡಿ ಒಬ್ರು ಗೆಳ್ಯಾ ಬಂದಿದ್ರು ರೀ. ಬೈಕ್ ಮ್ಯಾಲ. ಹೆಲ್ಮೆಟ್ ತೆಗೀಲೇ ಇಲ್ಲ. ನಾನು ಲೆನ್ಸ್ ಹಿಡದಿದ್ದೆ, ಸುತ್ತಲಿನ ಕೂದಲಾ ಅಡ್ಡ ಬರ್ತಿತ್ತು. ಅವ್ರು ಬೆರಳಲೆ ಸರಿಸಿ ಹಿಡಕೊಂಡ್ರು. ಆಮ್ಯಾಲ ಇಬ್ರೂ ಕೂಡೇ ಹೋದ್ರು."

ಪುನೀತನ ಕೂದಲನ್ನು ಒತ್ತಿ ಹಿಡಿದಿದ್ದ ಎಡಗೈಯ ಹೆಬ್ಬೆರಳು ಅದು. ಉಗುರಿನ ಮೂಲೆಯಲ್ಲಿ ಓರೆಯಾದ ಬಿರುಕು. ಬುಡಕ್ಕೆ ಅಂಟಿಕೊಂಡಂತೆ ಹುಣಸೆ ಬೀಜದಂಥ ಕಪ್ಪು ಕಲೆ. ಇವತ್ತು ಬೆಳಿಗ್ಗೆ ಸ್ಟಿಯರಿಂಗಿನ ಮೇಲೆ ನೋಡಿದಾಗ ಆ ಕಲೆ, ಬಿರುಕು ಎರಡೂ ಸ್ವಲ್ಪ ಮೇಲೆ ಸರಿದಿದ್ದವು, ಅಷ್ಟೇ ವ್ಯತ್ಯಾಸ. ಮೂರು ವಾರದಲ್ಲಿ ಉಗುರೂ ಬೆಳೆಯುತ್ತದೆ.

ಸೋಮವಾರದಿಂದ ಕಂಡೇ ಇಲ್ಲ ಎಂದು ಕಣ್ಣು ತುಂಬಿಕೊಂಡವನು ಗುರುವಾರ ಅವನ ನೆತ್ತಿ ಹಿಡಿದು ನಿಂತಿದ್ದ.

ಆ ಫೋಟೋವನ್ನು ನನ್ನ ಮೊಬೈಲಿಗೆ ಕಳಿಸು ಎಂದು ಪೂರ್ವಾಳಿಗೆ ಕೂಗಿ ಹೇಳಿ, ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದೆ. ನನ್ನ ಮೊಣಕಾಲಿನ ನೋವು ನನಗೇ ಮರೆತುಹೋಗಿತ್ತು. ಕೆಳಗೆ ಬಂದು ನೋಡಿದರೆ ಕಾರು ನಿಂತಿದ್ದ ಜಾಗದಲ್ಲಿ ಒಂದು ರಿಕ್ಷಾ ನಿಂತಿತ್ತು.

ಕೆಂಪು ಕಾರು ಮುಂದಿನ ಸಿಗ್ನಲ್ಲಿನ ಸಾಲಿನಲ್ಲಿತ್ತು. ಹಿಂಜವಾಡಿಯ ಕಡೆಗಲ್ಲ, ಸೊಲ್ಲಾಪುರ ರಸ್ತೆಯ ಕಡೆಗೆ ಮೂತಿ ಮಾಡಿಕೊಂಡು.

ವಾಹನಗಳ ನಡುವೆ ನುಗ್ಗುತ್ತ ನಿಖಿತಾಳಿಗೆ ಫೋನ್ ಹಚ್ಚಿದೆ.

"ಮೇಡಂ!" ಮೂರು ವಾರದಲ್ಲಿ ಮೊದಲ ಸಲ ಅವಳ ದನಿಯಲ್ಲಿ ನಗು ಇತ್ತು. ಅಳುವೂ ಇತ್ತು. "ಮೇಡಂ, ಪುನೀತ್ ಇದಾನಂತೆ! ಅಡ್ವಾನ್ಸ್ ಫೋಟೋ ವಿಷಯ ಮಿಥುನ್‌ಗೆ ಹೇಳ್ದೆ. ಅಷ್ಟರಲ್ಲೇ ಅವನಿಗೊಂದು ಫೋನ್ ಬಂತು. ಇಂದಾಪುರದ ಹತ್ರ ಯಾರದೋ ಕಬ್ಬಿನ ತೋಟದ ಮನೇಲಿದಾನಂತೆ. ಹುಷಾರಿಲ್ವಂತೆ, ನನ್ನೊಬ್ಬಳನ್ನೇ ಕರ್ಕೊಂಡು ಬಾ ಅಂದ್ನಂತೆ. ನಿಮಗೆ ಕಾಯಕ್ಕೂ ಆಗ್ಲಿಲ್ಲ, ಸಾರಿ ಮೇಡಂ."

ಅವಳ ಮಾತಿನ ಹಿಂದೆ ಹಾರನ್ನಿನ ಸದ್ದು ದೊಡ್ಡದಾಗಿ ಕೇಳುತ್ತಿತ್ತು. ಫೋನು ಸ್ಪೀಕರಿನಲ್ಲಿತ್ತು. ನಾನು ಹೇಳುವ ಒಂದೊಂದು ಮಾತೂ ಅವನ ಕಿವಿಗೂ ಬೀಳುತ್ತದೆ.

ಓಡುತ್ತಿದ್ದರೂ ದನಿಯನ್ನು ಸಮಾಧಾನಕ್ಕೆ ತಂದುಕೊಂಡೆ. "ಭಾಳ ಛಲೋ ಆತವ್ವಾ. ಆದ್ರ ನನ್ನ ಬ್ಯಾಗ್ ಕಾರಿನ್ಯಾಗ ಉಳದದ, ಅದರಾಗ ಬೀಪಿ ಗುಳಿಗಿ ಅವ. ಸಿಗ್ನಲ್ ಹತ್ರಾನ ನಿಂತೀರಲ್ಲ, ನೀ ಒಂದೀಟು ಇಳದು ತಂದು ಕೊಡು."

"ಅಯ್ಯೋ, ಹೌದಾ? ಇರಿ, ಹಿಂದಿನ ಸೀಟಲ್ಲಿ ನೋಡ್ತೀನಿ..."

ಸಿಗ್ನಲ್ ಹಸಿರಾಯಿತು. ಕಾರಿಗೂ ನನಗೂ ನಡುವೆ ಒಂದು ಬಸ್ಸು ಮಾತ್ರ ಇತ್ತು.

ಫೋನಿನಲ್ಲಿ ಮಿಥುನನ ದನಿ ಬಂತು. ಎಂದಿನಂತೆ ಮೆತ್ತಗೆ, ಮರ್ಯಾದೆಯಿಂದ.

"ಬ್ಯಾಗು ನಿಮ್ಮ ಹೆಗಲ ಮೇಲೇ ಇದೆ ಮೇಡಂ. ಕನ್ನಡೀಲಿ ಕಾಣ್ತಾ ಇದೀರ. ಓಡಬೇಡಿ, ಬಿದ್ದುಬಿಡ್ತೀರ."